ಎರಡನೆಯ ಸಲ ಹಣ ಕೇಳುವ ನೌಕರಿ: ಪೈಲಟ್ ಅಭ್ಯರ್ಥಿಯೊಬ್ಬನ ಪ್ರಕರಣ

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು ಕೆಲಸಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿಗಳು, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಅವರು ತರುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಸಣ್ಣ ಊರುಗಳ ನಡುವೆ ವಿಮಾನ ಹಾರಿಸುವ ಪ್ರಾದೇಶಿಕ ಕಂಪನಿಯೊಂದು ವಿಸ್ತರಿಸುತ್ತಿದೆ, ಹೊಸ ವಿಮಾನಗಳು ಬರಲಿವೆಯಂತೆ, ಪೈಲಟ್‌ಗಳನ್ನು ತೆಗೆದುಕೊಳ್ಳುತ್ತಿದ್ದಾರೆ, ಆದರೆ ಸೇರುವ ಮೊದಲು ಇನ್ನೂ ಇಷ್ಟು ಲಕ್ಷ ಕಟ್ಟಬೇಕು. ಆ ನೌಕರಿ ಭದ್ರವೇ, ಕಟ್ಟಬಹುದೇ? ಈ ಪ್ರಶ್ನೆಗೆ ನಾನು ಒಂದು ಮನೆಯವರಿಗೆ ಕೊಟ್ಟ ಸಲಹೆಯನ್ನೂ, ಅದನ್ನು ಕೊಟ್ಟ ಕಾರಣವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವಯಸ್ಸು, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಂಪನಿಯ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಈ ಬರಹ ಯಾವುದೋ ಒಂದು ಕಂಪನಿಯ ಬಗ್ಗೆ ಅಲ್ಲ.

ಅವನನ್ನು ಕಿರಣ ಎಂದು ಕರೆಯೋಣ. ವಯಸ್ಸು ಇಪ್ಪತ್ತಾರು, ಊರು ರಾಣೆಬೆನ್ನೂರಿನ ಕಡೆಯದು, ತಂದೆ ಬೀಜದ ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ರೈತರು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಹೊರರಾಜ್ಯದ ಹಾರಾಟ ಶಾಲೆಯೊಂದರಲ್ಲಿ ಸೇರಿ, ಇನ್ನೂರು ಗಂಟೆಗಳ ಹಾರಾಟ ಮುಗಿಸಲು ವಿಮಾನ ಸಿಗದ ತಿಂಗಳುಗಳನ್ನೂ ಮಳೆಗಾಲಗಳನ್ನೂ ಸೇರಿಸಿ ಅವನಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅರ್ಧ ಹೊಲ ಮಾರಾಟವಾಯಿತು, ಮನೆ ಬ್ಯಾಂಕಿಗೆ ಅಡವಾಯಿತು. ಲೈಸೆನ್ಸ್ ಬಂದ ಮೇಲೆ ಬೆಂಗಳೂರಿನ ಪಿಜಿಯೊಂದರಲ್ಲಿ ಉಳಿದು, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಪರೀಕ್ಷೆಗೆ ಓದುವ ಹುಡುಗರಿಗೆ ನ್ಯಾವಿಗೇಶನ್ ಮತ್ತು ಹವಾಮಾನಶಾಸ್ತ್ರ ಹೇಳಿಕೊಡುತ್ತಾ ಎರಡು ವರ್ಷಕ್ಕೂ ಮಿಕ್ಕಿ ಕಾಯುತ್ತಿದ್ದ.

ಆಗ ಬಂದದ್ದು ಈ ಅವಕಾಶ. ಕಂಪನಿಯ ಆಯ್ಕೆ ಪ್ರಕ್ರಿಯೆಯಲ್ಲಿ ಅವನು ತೇರ್ಗಡೆಯಾಗಿದ್ದ. ಆದರೆ ಅವರು ಹಾರಿಸುವ ಮಾದರಿಯ ಟೈಪ್ ರೇಟಿಂಗನ್ನು, ಅಂದರೆ ಆ ನಿರ್ದಿಷ್ಟ ವಿಮಾನ ಹಾರಿಸಲು ಬೇಕಾದ ಅರ್ಹತೆಯನ್ನು, ವಿದೇಶದ ಸಿಮ್ಯುಲೇಟರ್‌ನಲ್ಲಿ ಸ್ವಂತ ಖರ್ಚಿನಿಂದ ಪಡೆಯಬೇಕಿತ್ತು. ಎಲ್ಲ ಸೇರಿ ಇಪ್ಪತ್ತು ಲಕ್ಷ ದಾಟುತ್ತಿತ್ತು. ಅದರ ಮೇಲೆ ಐದು ವರ್ಷ ಕಂಪನಿ ಬಿಡುವಂತಿಲ್ಲ ಎಂಬ ಬಾಂಡ್. ನೇಮಕಾತಿ ಪತ್ರ ಸಿಗುವುದು ರೇಟಿಂಗ್ ಮುಗಿದ ಮೇಲೆ. ಅಲ್ಲಿಯವರೆಗೆ ಕೈಯಲ್ಲಿರುವುದು ಕಂಪನಿಯ ಉದ್ದೇಶವನ್ನು ತಿಳಿಸುವ ಒಂದು ಹಾಳೆ ಮಾತ್ರ. ಉಳಿದ ನಾಲ್ಕು ಎಕರೆಗೆ ತಂದೆ ಆಗಲೇ ಗಿರಾಕಿ ನೋಡಿದ್ದರು. ಹೊಲ ಬರೆದುಕೊಡುವ ಮೊದಲು ಒಂದು ಮಾತು ಕೇಳಿ ಎಂದು ತಾಯಿ ಹಟ ಹಿಡಿದದ್ದರಿಂದ ತಂದೆ ಮಗ ಇಬ್ಬರೂ ನನ್ನಲ್ಲಿಗೆ ಬಂದಿದ್ದರು.

ಮೊದಲ ಭೇಟಿ ಪೂರ್ತಿ ಲೆಕ್ಕದಲ್ಲೇ ಕಳೆಯಿತು. ಕಿರಣ ಒಂದು ಫೈಲ್ ತಂದಿದ್ದ. ಅದರಲ್ಲಿ 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಅದೇ ವರ್ಷದ ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದ ಸುದ್ದಿಗಳ ಪ್ರತಿಗಳಿದ್ದವು. ದೇಶಕ್ಕೆ ಸಾವಿರಾರು ಪೈಲಟ್‌ಗಳು ಬೇಕಾಗುತ್ತಾರೆ ಎಂಬ ಸಾಲುಗಳ ಕೆಳಗೆ ಹಳದಿ ಗೆರೆ ಎಳೆದಿದ್ದ. ಆ ಸುದ್ದಿಗಳು ಸುಳ್ಳಲ್ಲ. ಆದರೆ ಅವು ಬೇರೆ ಕಂಪನಿಗಳ ಸುದ್ದಿ, ಮತ್ತು ಅವು ಹೇಳುವ ಕೊರತೆ ಬಹುಪಾಲು ಬೇರೆ ಸೀಟಿನ ಕೊರತೆ. ನಮ್ಮಲ್ಲಿ ಬೇಗ ಸಿಗದವರು ಎಡಗಡೆ ಸೀಟಿನ ಕ್ಯಾಪ್ಟನ್‌ಗಳು, ಅದರಲ್ಲೂ ಹೊಸಬರಿಗೆ ತರಬೇತಿ ಕೊಡಬಲ್ಲ ಕ್ಯಾಪ್ಟನ್‌ಗಳು. ಇನ್ನೂರು ಗಂಟೆಯ ಲೈಸೆನ್ಸ್ ಹಿಡಿದು ಬಲಗಡೆ ಸೀಟಿಗೆ, ಅಂದರೆ ಫಸ್ಟ್ ಆಫೀಸರ್ ಎಂಬ ಸಹಪೈಲಟ್ ಕೆಲಸಕ್ಕೆ, ಕಾಯುವವರ ಸಾಲು ಉದ್ದವಾಗಿಯೇ ಇದೆ. 2023ರಲ್ಲಿ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಲೈಸೆನ್ಸ್‌ಗಳು 1,622; ಒಂದು ವರ್ಷದಲ್ಲಿ ಅಷ್ಟು ಕೊಟ್ಟದ್ದು ಅದುವರೆಗೆ ಇರಲಿಲ್ಲ. ಬಲಗಡೆ ಸೀಟಿಗೆ ಬಂದ ಹೊಸಬನನ್ನು ಪ್ರಯಾಣಿಕರಿರುವ ಹಾರಾಟಗಳಲ್ಲಿ ತರಬೇತಿ ಕ್ಯಾಪ್ಟನ್ ಪಕ್ಕದಲ್ಲೇ ಕೂತು ಪಳಗಿಸಬೇಕು. ನಾಲ್ಕೈದು ವಿಮಾನಗಳಿರುವ ಕಂಪನಿಯಲ್ಲಿ ಅಂಥ ಕ್ಯಾಪ್ಟನ್‌ಗಳು ಬೆರಳೆಣಿಕೆಯಷ್ಟೇ ಇರುತ್ತಾರೆ, ಅವರಲ್ಲಿ ಒಬ್ಬರು ದೊಡ್ಡ ಕಂಪನಿಗೆ ಹೋದರೂ ಹೊಸ ಬ್ಯಾಚ್ ಪೂರ್ತಿ ಕಾಯುತ್ತಾ ಕೂರುತ್ತದೆ. ಗುತ್ತಿಗೆಗೆ ಬರಬೇಕಾದ ವಿಮಾನ ಆರು ತಿಂಗಳು ತಡವಾದರೂ ಅದೇ ಕಥೆ. ಆದ್ದರಿಂದ ಸಣ್ಣ ಕಂಪನಿ ಬೆಳೆಯುತ್ತಿರುವಾಗಲೇ ಅದರ ಹೊಸ ಪೈಲಟ್‌ಗಳು ಕೆಲಸವಿಲ್ಲದೆ ಇರುವುದು ಸಾಧ್ಯ, ಮತ್ತು ಆ ಸ್ಥಿತಿಯಲ್ಲಿ ಬಂದವರನ್ನು ನಾನು ಕಂಡಿದ್ದೇನೆ.

ತಂದೆ ಇದನ್ನೆಲ್ಲ ಕೇಳಿಸಿಕೊಂಡು, ಹುಬ್ಬಳ್ಳಿಗೆ ಒಂದು ವಿಮಾನ ಬರುತ್ತಿತ್ತಲ್ಲ, ಅದು ಏನಾಯಿತು ಎಂದು ಕೇಳಿದರು. ಅವರು ಕೇಳಿದ್ದು ಏರ್ ಪೆಗಾಸಸ್ ಬಗ್ಗೆ. ಬೆಂಗಳೂರಿನ ಆ ಕಂಪನಿ 2015ರ ಏಪ್ರಿಲ್‌ನಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿ 2016ರ ಜುಲೈಯಲ್ಲಿ ನಿಂತುಹೋಯಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಆರಂಭವಾಗಿ 2017ರಲ್ಲಿ ನಿಂತಿತು. ಬೀದರಿಗೆ ಹಾರುತ್ತಿದ್ದ ಹೈದರಾಬಾದಿನ ಟ್ರೂಜೆಟ್ 2015ರಿಂದ ನಡೆದು 2022ರ ಫೆಬ್ರವರಿಯಲ್ಲಿ ಹಾರಾಟ ನಿಲ್ಲಿಸಿತು. ದೊಡ್ಡವರೂ ಹೊರತಲ್ಲ: ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನೆಲಕ್ಕೆ ನಿಂತವು. ನ್ಯಾಯಕ್ಕಾಗಿ ಇನ್ನೊಂದು ಬದಿಯನ್ನೂ ಅವರಿಗೆ ಹೇಳಿದೆ. ಅದೇ ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ 2019ರ ಜನವರಿಯಲ್ಲಿ ಶುರುವಾದ ಸ್ಟಾರ್ ಏರ್ ಐವತ್ತು ಆಸನಗಳ ಎಂಬ್ರೇಯರ್‌ನಿಂದ 76 ಆಸನಗಳ ಎಂಬ್ರೇಯರ್‌ಗೆ ಬೆಳೆದಿದೆ. ಹಾಗಾಗಿ ಪ್ರಾದೇಶಿಕ ಕಂಪನಿಗಳೆಲ್ಲ ಮುಳುಗುತ್ತವೆ ಎಂಬುದು ನನ್ನ ವಾದವಲ್ಲ. ಅವು ನಿಂತಿರುವ ನೆಲ ಎಂಥದ್ದು ಎಂಬುದನ್ನು ಮನೆಯವರು ತಿಳಿದಿರಬೇಕು, ಅಷ್ಟೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ನಷ್ಟಭರ್ತಿ ಸಿಗುತ್ತಿದ್ದದ್ದು ಮೂರು ವರ್ಷ. ಆ ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ, ಮೂರು ವರ್ಷ ಪೂರೈಸಿದ್ದು 112, ಅದರ ಆಚೆಗೂ 2023ರ ಮಾರ್ಚ್‌ವರೆಗೆ ಉಳಿದದ್ದು 54 ಎಂದು ಮಹಾಲೇಖಪಾಲರ (ಸಿಎಜಿ) 2023ರ ವರದಿಯೇ ಹೇಳುತ್ತದೆ. ಹೊಸ ಮಾರ್ಗದ ಉದ್ಘಾಟನೆಯ ಫೋಟೋ ನೋಡಿ ನೌಕರಿಯ ಆಯುಷ್ಯ ಅಳೆಯುವವರು ಈ ಇಳಿಯುವ ಅಂಕಿಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇಷ್ಟಾದರೂ ಆ ದಿನ ಏನೂ ತೀರ್ಮಾನವಾಗಲಿಲ್ಲ. ಕಿರಣ ನಾನು ಹೇಳಿದ ಒಂದೊಂದು ಅಂಶವನ್ನೂ ಒಪ್ಪುತ್ತಿದ್ದ, ಒಪ್ಪಿದ ಮೇಲೂ ಹಣ ಕಟ್ಟುವ ಮಾತಿಗೇ ಮರಳುತ್ತಿದ್ದ. ಲೆಕ್ಕವನ್ನು ನನಗಿಂತ ಚೆನ್ನಾಗಿ ಬಲ್ಲವನು ಲೆಕ್ಕಕ್ಕೆ ಜಗ್ಗದಿದ್ದರೆ ಅಲ್ಲಿ ಬೇರೇನೋ ಇದೆ ಎಂದರ್ಥ. ಅದಕ್ಕಾಗಿ ಎರಡನೆಯ ಭೇಟಿಗೆ ಕರೆದೆ.

ಎರಡನೆಯ ಸಲ ನಾನು ಕಂಪನಿಯ ವಿಷಯ ಎತ್ತಲೇ ಇಲ್ಲ. ಊರಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಅವನು ತಂದೆಯ ಮುಖ ನೋಡಿದ. ತಂದೆಯೇ ಉತ್ತರ ಕೊಟ್ಟರು: ಲೈಸೆನ್ಸ್ ಬಂದ ವರ್ಷದ ದೀಪಾವಳಿಗೆ ಬಂದವನು ಆಮೇಲೆ ಬಂದಿಲ್ಲ, ತಂಗಿಯ ನಿಶ್ಚಿತಾರ್ಥಕ್ಕೂ ಬರಲಿಲ್ಲ, ಪರೀಕ್ಷೆ ಇದೆ ಎಂದ. ಯಾವ ಪರೀಕ್ಷೆ ಎಂದು ನಾನು ಕೇಳಿದೆ. ಪರೀಕ್ಷೆ ಇರಲಿಲ್ಲ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿರಣ ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಊರಿನ ಬಸ್ ನಿಲ್ದಾಣದ ಗೋಡೆಗೆ ಕಟ್ಟಿದ್ದ ಫ್ಲೆಕ್ಸ್ ಅದು. ಬಿಳಿ ಅಂಗಿಯ ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿಗಳು, ಹಿಂದೆ ಯಾವುದೋ ವಿದೇಶಿ ಕಂಪನಿಯ ದೊಡ್ಡ ಜೆಟ್, ಮೇಲೆ 'ನಮ್ಮೂರಿನ ಪ್ರಪ್ರಥಮ ಪೈಲಟ್‌ಗೆ ಹಾರ್ದಿಕ ಅಭಿನಂದನೆಗಳು' ಎಂಬ ಅಕ್ಷರ, ಕೆಳಗೆ ಶುಭ ಕೋರುವವರ ಹದಿನೈದು ಇಪ್ಪತ್ತು ಸಣ್ಣ ಮುಖಗಳು. ಮುಖ ಕಿರಣನದು, ಅಂಗಿಯೂ ಪಟ್ಟಿಗಳೂ ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರ್‌ನಲ್ಲಿ ಸೇರಿಸಿದ್ದು. ಊರಲ್ಲಿ ಈಗ ಎಲ್ಲರೂ ತನ್ನನ್ನು ಪೈಲಟ್ ಎಂದೇ ಕರೆಯುತ್ತಾರೆ, ಯಾವ ವಿಮಾನ ಓಡಿಸುತ್ತೀ ಎಂದು ಕೇಳುತ್ತಾರೆ, ಮೊದಮೊದಲು ಟ್ರೈನಿಂಗ್ ನಡೆದಿದೆ ಎನ್ನುತ್ತಿದ್ದೆ, ಎರಡನೆಯ ವರ್ಷ ಹಾಗೆ ಹೇಳಲು ಬಾಯಿ ಬರಲಿಲ್ಲ ಎಂದ. ಆಮೇಲೆ ನನ್ನನ್ನು ನೋಡದೆ ಹೇಳಿದ ಮಾತು ಇದು:

"ಕಂಪನಿ ಎಷ್ಟ್ ದಿನ ಇರ್ತದ ಅನ್ನೋದು ನನಗ ಬ್ಯಾಡ್ರಿ ಮೇಡಂ. ಒಂದ್ ವರ್ಷ ಇದ್ರೂ ಸಾಕು. ಆ ಫ್ಲೆಕ್ಸ್ ಖರೇ ಆಗ್ತದ."

ಈ ಪ್ರಕರಣವನ್ನು ಬರೆಯಲೇಬೇಕು ಎನ್ನಿಸಿದ್ದು ಈ ಮಾತಿಗಾಗಿ. ಮೊದಲ ಭೇಟಿಯಲ್ಲಿ ನಾವು ಮೂವರೂ ನೌಕರಿಯ ಭದ್ರತೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಅವನಿಗೆ ಬೇಕಾಗಿದ್ದದ್ದು ಮೂವತ್ತು ವರ್ಷದ ನೌಕರಿಯಾಗಲಿ, ಹತ್ತು ವರ್ಷದ ನೌಕರಿಯಾಗಲಿ ಅಲ್ಲ. ಊರಿಗೆ ತಲೆ ಎತ್ತಿಕೊಂಡು ಹೋಗಲು ಸಾಕಾಗುವಷ್ಟು ದಿನದ ಸಮವಸ್ತ್ರ. ಅದರ ಬೆಲೆಯಾಗಿ ನಾಲ್ಕು ಎಕರೆ ಎರೆ ಹೊಲ ಹೋದರೂ ಸರಿ ಎಂಬ ಹಂತಕ್ಕೆ ಅವನು ಬಂದಿದ್ದ. ಕಂಪನಿ ವಿಸ್ತರಿಸುತ್ತಿದೆ ಎಂಬ ಸುದ್ದಿ ಅವನಿಗೆ ಸಾಕ್ಷ್ಯವಾಗಿ ಬೇಕಾಗಿರಲಿಲ್ಲ, ತಂದೆಗೆ ಹೇಳಲು ಒಂದು ಕಾರಣವಾಗಿ ಬೇಕಾಗಿತ್ತು. ಇಂಥ ಮನಸ್ಸಿಗೆ ಮಹಾಲೇಖಪಾಲರ ಅಂಕಿ ಹೇಳಿ ಪ್ರಯೋಜನವಿಲ್ಲ.

ತಂದೆಗೆ ಈ ಮಾತು ಹೊಸದು. ಮಗನಿಗೆ ವಿಮಾನದ ಹುಚ್ಚು ಎಂದು ಅವರು ತಿಳಿದಿದ್ದರು, ಮಗ ಊರಿಗೆ ಹೆದರಿದ್ದಾನೆ ಎಂದು ತಿಳಿದಿರಲಿಲ್ಲ. "ಅದನ್ನ ನಾ ಹಾಕ್ಸಿದ್ದಲ್ಲೋ ತಮ್ಮಾ, ಪಂಚಾಯ್ತಿ ಮೆಂಬರ್ ಹಾಕ್ಸಿದ್ದು. ಅದು ಹೋದ್ ವರ್ಷದ ಗಾಳಿಗೇ ಹರದು ಹೋತು" ಎಂದರು. ಮಗನಿಗೆ ಅದು ಹರಿದುಹೋದದ್ದೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಅವರೇ ಇನ್ನೊಂದು ಪ್ರಶ್ನೆ ಹಾಕಿದರು, ಈ ಕ್ಷೇತ್ರದ ಯಾವ ಪರಿಣತನ ಪ್ರಶ್ನೆಗೂ ಕಡಿಮೆಯಲ್ಲದ್ದು: "ಬೀಜದ ಕಂಪನಿಯವರು ಗಂಡು ಬೀಜ, ಹೆಣ್ಣು ಬೀಜ ಎರಡೂ ತಾವ ಕೊಡ್ತಾರ್ರಿ. ಮುಂಗಡಾನೂ ಕೊಡ್ತಾರ. ಮಾಲು ಹಾಕಿದ ಮ್ಯಾಲ ಹಿಡಕೋತಾರ. ಈ ವಿಮಾನದವರು ಬಿತ್ತೂಕಿಂತ ಮೊದಲ ನಮ್ಮ ಕಡೆ ಯಾಕ ಕೇಳ್ತಾರ?"

ಕಂಪನಿಯ ಕಡೆಯಿಂದ ಇದಕ್ಕೆ ಒಂದು ಉತ್ತರ ಇದೆ, ಅದನ್ನು ನಾನು ಅವರಿಗೆ ಹೇಳಿದೆ. ಸಣ್ಣ ಕಂಪನಿಗಳು ಹಣ ಹಾಕಿ ಹುಡುಗರನ್ನು ತಯಾರು ಮಾಡುತ್ತವೆ, ಅವರು ಐದಾರು ನೂರು ಗಂಟೆ ಆಗುತ್ತಿದ್ದಂತೆ ದೊಡ್ಡ ಕಂಪನಿಗೆ ಹೊರಟುಹೋಗುತ್ತಾರೆ. ಆ ನಷ್ಟದ ಭಯ ನಿಜ. ಬಾಂಡ್ ಹುಟ್ಟಿದ್ದು ಈ ಭಯದಿಂದಲೇ. ಡಿಜಿಸಿಎ 2017ರಲ್ಲಿ ರಾಜೀನಾಮೆಯ ಮುನ್ಸೂಚನೆಯ ಅವಧಿಯನ್ನು ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳು ಎಂದು ಮಾಡಿದ್ದರ ಹಿಂದೆಯೂ ಇಂಥದೇ ಚಿಂತೆ ಇತ್ತು. ಕಂಪನಿ ತರಬೇತಿಯ ಖರ್ಚು ತಾನು ಹಾಕಿ ಬಾಂಡ್ ಬರೆಸಿಕೊಂಡರೆ ಅದರಲ್ಲಿ ಅರ್ಥವಿದೆ. ಖರ್ಚು ಅಭ್ಯರ್ಥಿಯೇ ಹಾಕಿಕೊಂಡು ಬಾಂಡ್ ಇಲ್ಲದೆ ಸೇರಿದರೆ ಅದರಲ್ಲೂ ಅರ್ಥವಿದೆ. ಖರ್ಚೂ ಅಭ್ಯರ್ಥಿಯದೇ, ಐದು ವರ್ಷ ಬಿಡುವಂತಿಲ್ಲ ಎಂಬ ಕಟ್ಟೂ ಅವನಿಗೇ, ನೇಮಕಾತಿ ಪತ್ರ ಮಾತ್ರ ಆಮೇಲೆ ಎಂದಾಗ, ಕಂಪನಿ ಹೊರಬೇಕಾದ ಅಪಾಯವನ್ನೂ ರೈತನ ಹೊಲವೇ ಹೊರುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದನ್ನು ಅವರಿಗೆ ಇದೇ ಮಾತುಗಳಲ್ಲಿ ಹೇಳಿದೆ.

ಆಪ್ತಸಲಹೆಯ ತರಬೇತಿಯಲ್ಲಿ ನಮಗೆ ಮೊದಲು ಕಲಿಸುವುದು, ನಿರ್ಧಾರ ಬಂದವರದು, ನಮ್ಮದಲ್ಲ ಎಂಬುದನ್ನು. ನಾನು ಅದನ್ನು ಗೌರವಿಸುತ್ತೇನೆ. ಮದುವೆ, ವಿಚ್ಛೇದನ, ಓದಿನ ಆಯ್ಕೆ ಇವುಗಳಲ್ಲಿ ನನ್ನ ಅಭಿಪ್ರಾಯವನ್ನು ಒಳಗೇ ಇಟ್ಟುಕೊಳ್ಳುತ್ತೇನೆ. ಆದರೆ ಕೊನೆಯ ಆಸ್ತಿ ಮಾರಾಟದ ಕರಾರು ಮುಂದಿರುವಾಗ, ಗಡುವು ಹತ್ತಿರ ಬಂದಿರುವಾಗ, ಕೇಳಿದವರಿಗೆ 'ನಿಮ್ಮ ಮನಸ್ಸಿಗೆ ತೋಚಿದಂತೆ ಮಾಡಿ' ಎಂದು ಕಳಿಸುವುದು ತಟಸ್ಥತೆಯಲ್ಲ. ಸುಮ್ಮನಿದ್ದರೆ ಗಡುವು ಇಟ್ಟವರ ಮಾತು ನಡೆಯುತ್ತದೆ, ಅಷ್ಟೆ. ಅದರಿಂದ ಹೊಲ ಮಾರಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಕೆಲಸ ಬೇಡ ಎನ್ನಲಿಲ್ಲ. ಈ ಕೆಲಸಕ್ಕೆ ಆ ಹೊಲದ ಹಣ ಬೇಡ ಎಂದೆ.

ಹಾಗೆಂದು ಕಂಪನಿಗೆ ಕೂಡಲೇ ಇಲ್ಲ ಎಂದು ಬರೆಯಿರಿ ಎಂದೂ ಹೇಳಲಿಲ್ಲ. ಕೆಲವು ವಿಷಯಗಳನ್ನು ವಿನಯದಿಂದ, ಲಿಖಿತವಾಗಿ ಕೇಳಲು ಹೇಳಿದೆ. ರೇಟಿಂಗ್ ಮುಗಿದ ಎಷ್ಟು ದಿನದೊಳಗೆ ಪ್ರಯಾಣಿಕರ ಹಾರಾಟದಲ್ಲಿ ತರಬೇತಿ ಶುರುವಾಗುತ್ತದೆ, ತಡವಾದರೆ ಆ ಅವಧಿಗೆ ಸಂಬಳ ಇದೆಯೇ? ಖರ್ಚನ್ನು ಕಂಪನಿಯೇ ಹಾಕಿ ಸಂಬಳದಲ್ಲಿ ಕಂತಾಗಿ ಹಿಡಿದುಕೊಳ್ಳುವ ದಾರಿ ಇದೆಯೇ? ಕಂಪನಿ ಹಾರಾಟ ನಿಲ್ಲಿಸಿದರೆ ಬಾಂಡ್ ಏನಾಗುತ್ತದೆ? ಕಂಪನಿ ಉತ್ತರಿಸದ ವಿಷಯಗಳನ್ನು ತಿಳಿಯಲು ಅವನಿಗಿಂತ ಹಿಂದಿನ ಬ್ಯಾಚಿನಲ್ಲಿ ಸೇರಿದ ಫಸ್ಟ್ ಆಫೀಸರ್ ಒಬ್ಬರನ್ನು ಹುಡುಕಿ ಮಾತಾಡಲು ಹೇಳಿದೆ. ನೇಮಕಾತಿ ವಿಭಾಗದವರು ಮುಂದೆ ಬರಲಿರುವ ವಿಮಾನಗಳ ಲೆಕ್ಕ ಹೇಳುತ್ತಾರೆ, ಬ್ಯಾಚಿನ ಹುಡುಗ ಈ ತಿಂಗಳು ತಾನು ಎಷ್ಟು ಗಂಟೆ ಹಾರಿದೆ ಎಂದು ಹೇಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಕಳೆದ ಆರು ತಿಂಗಳಲ್ಲಿ ಸಂಬಳ ಯಾವ ತಾರೀಖಿಗೆ ಬಂತು ಎಂದು ಕೇಳಬೇಕು. ಕಿಂಗ್‌ಫಿಷರ್‌ನಲ್ಲೂ ಜೆಟ್‌ನಲ್ಲೂ ವಿಮಾನ ನಿಲ್ಲುವುದಕ್ಕೆ ತಿಂಗಳುಗಳ ಮೊದಲೇ ಸಂಬಳ ನಿಂತಿತ್ತು. ಕಂಪನಿಯ ಆರೋಗ್ಯ ತಿಳಿಯಲು ಹೊರಗಿನವರಿಗೆ ಸಿಗುವ ನಂಬಬಹುದಾದ ಗುರುತು ಇದಕ್ಕಿಂತ ಬೇರೆ ನಾನು ಕಂಡಿಲ್ಲ.

ವಿಮಾನದ ಮಾದರಿಯ ಬಗ್ಗೆಯೂ ಮಾತಾಯಿತು. ಟೈಪ್ ರೇಟಿಂಗ್ ಒಂದು ಮಾದರಿಗೆ ಮಾತ್ರ ಸಲ್ಲುತ್ತದೆ, ಏರ್‌ಬಸ್ ಹಾರಿಸಲು ಮತ್ತೆ ಬೇರೆಯದೇ ಬೇಕು. ಎಟಿಆರ್ ಎಂಬ ಸಣ್ಣ ವಿಮಾನವಾದರೆ ದೇಶದಲ್ಲಿ ಇಂಡಿಗೋ, ಅಲಯನ್ಸ್ ಏರ್, ಫ್ಲೈ91 ಹೀಗೆ ಒಂದಕ್ಕಿಂತ ಹೆಚ್ಚು ಬಾಗಿಲುಗಳಿವೆ. ಒಂದು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದು. ಒಬ್ಬರೋ ಇಬ್ಬರೋ ಮಾತ್ರ ಹಾರಿಸುವ ಮಾದರಿಯ ರೇಟಿಂಗ್ ತೆಗೆದುಕೊಂಡು, ಮುನ್ನೂರು ಗಂಟೆಗಳಿಗೇ ಕಂಪನಿ ನಿಂತರೆ, ಮೂರನೆಯ ಸಲ ಹಣ ಹೊಂದಿಸಬೇಕಾಗುತ್ತದೆ. ಕಿರಣನ ಮುಂದಿದ್ದದ್ದು ಎರಡನೆಯ ಬಗೆಯದು. ಯಾವ ಮಾದರಿಯಾದರೂ ಗಂಟೆಗಳು ಮಾತ್ರ ವ್ಯರ್ಥವಾಗುವುದಿಲ್ಲ ಎಂಬುದು ನಿಜ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಎಂಬ ಮೇಲಿನ ಲೈಸೆನ್ಸ್‌ನ 1,500 ಗಂಟೆಗಳ ಲೆಕ್ಕಕ್ಕೆ ಅವು ಸೇರುತ್ತವೆ. ಆದರೆ ಗಂಟೆ ಸೇರಬೇಕಾದರೆ ಹಾರಬೇಕು, ಹಾರಲು ಕಂಪನಿಯ ಬಳಿ ವಿಮಾನವೂ ಕ್ಯಾಪ್ಟನ್ನೂ ಇರಬೇಕು. ಪೈಲಟ್ ಒಬ್ಬನ ನಿಜವಾದ ಭದ್ರತೆ ಕಂಪನಿಯ ಹೆಸರಿನಲ್ಲಿಲ್ಲ. ಅವನ ಲಾಗ್‌ಬುಕ್ಕಿನ ಗಂಟೆಗಳಲ್ಲಿ, ಸಾಲದ ಗಾತ್ರದಲ್ಲಿ, ಆರು ತಿಂಗಳು ಸಂಬಳ ಬಾರದಿದ್ದರೂ ಮನೆ ನಡೆಯುತ್ತದೆಯೇ ಎಂಬುದರಲ್ಲಿ ಇದೆ. ಮೊದಲನೆಯದನ್ನು ಸಂಪಾದಿಸಲು ಹೋಗಿ ಉಳಿದೆರಡನ್ನೂ ಕಳೆದುಕೊಳ್ಳುವ ವ್ಯವಹಾರ ಇದು ಎಂದು ನನಗೆ ಅನ್ನಿಸಿತು.

ಕಂಪನಿಯ ವಿಷಯ ಮುಗಿದ ಮೇಲೆ ಇನ್ನೊಂದು ಸಲಹೆ ಕೊಟ್ಟೆ, ಅದನ್ನೇ ನಾನು ಹೆಚ್ಚು ಮುಖ್ಯ ಎಂದು ಭಾವಿಸುತ್ತೇನೆ. ಗಡುವು ಮುಗಿಯುವ ಮೊದಲೇ, ಅಂದರೆ ಕೆಲಸ ಸಿಕ್ಕಿತೋ ಇಲ್ಲವೋ ಎಂಬುದು ತೀರ್ಮಾನವಾಗುವ ಮೊದಲೇ, ಊರಿಗೆ ಹೋಗಿ ಬರಬೇಕು. ಕೇಳಿದವರಿಗೆ 'ಲೈಸೆನ್ಸ್ ಬಂದಿದೆ, ಕೆಲಸ ಇನ್ನೂ ಸಿಕ್ಕಿಲ್ಲ, ಈಗ ಪಾಠ ಹೇಳುತ್ತಿದ್ದೇನೆ' ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಕೆಲಸ ಸಿಕ್ಕ ಮೇಲೆ ಹೋಗುತ್ತೇನೆ ಎಂದರೆ, ಯಾವ ಷರತ್ತಿಗಾದರೂ ಸಹಿ ಹಾಕುವ ಒತ್ತಡ ಹಾಗೆಯೇ ಉಳಿಯುತ್ತದೆ. ಮುಂದೆ ಇದಕ್ಕಿಂತ ಕೆಟ್ಟ ಕರಾರು ಬಂದರೂ ಅವನು ಅದಕ್ಕೂ ಸಹಿ ಹಾಕುತ್ತಾನೆ. ತಂದೆಗೆ ನಾನು ಕೇಳಿಕೊಂಡದ್ದು, ಅವನು ಹಾಗೆ ಹೇಳುವಾಗ ಪಕ್ಕದಲ್ಲಿ ನಿಂತಿರಿ, ಮಾತು ತಿರುಗಿಸಬೇಡಿ ಎಂದು. ಅವರು ಒಪ್ಪಿದರು.

ಈ ಸಲಹೆಯ ವಿಷಯ ತಿಳಿದ, ಬಹಳ ಕಾಲ ವಿಮಾನ ಹಾರಿಸಿ ನಿವೃತ್ತರಾದ ನನ್ನ ಪರಿಚಿತರೊಬ್ಬರು ಬೇಸರಪಟ್ಟುಕೊಂಡರು. ನೀವು ಹುಡುಗನ ಕಾಲು ಹಿಡಿದು ಎಳೆದಿರಿ ಎಂದರು. ಈ ವೃತ್ತಿಯಲ್ಲಿ ನೇಮಕಾತಿಯ ಬಾಗಿಲು ತೆರೆದಿರುವುದು ಸ್ವಲ್ಪ ಕಾಲ. ಸೇರಿದ ದಿನಾಂಕವೇ ಜ್ಯೇಷ್ಠತೆ, ಒಂದು ತಿಂಗಳು ಮುಂಚೆ ಸೇರಿದವನು ಒಂದು ವರ್ಷ ಮುಂಚೆ ಕ್ಯಾಪ್ಟನ್ ಆಗುತ್ತಾನೆ. ಹಾರಾಟ ಬಿಟ್ಟು ಎರಡು ವರ್ಷವಾದ ಅಭ್ಯರ್ಥಿಯನ್ನು ಮೂರನೆಯ ವರ್ಷ ಯಾರೂ ಕೇಳುವುದಿಲ್ಲ ಎಂಬುದು ಅವರ ವಾದ. ಇದರಲ್ಲಿ ಕೊನೆಯ ಮಾತು ನನ್ನನ್ನೂ ಕಾಡಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜ್ಯೇಷ್ಠತೆ ಕಂಪನಿಯೊಳಗಿನ ಆಸ್ತಿ, ಕಂಪನಿ ನಿಂತ ದಿನ ಅದೂ ನಿಲ್ಲುತ್ತದೆ. ಜೆಟ್ ಏರ್‌ವೇಸ್‌ನಲ್ಲಿ ಇಪ್ಪತ್ತು ವರ್ಷದ ಜ್ಯೇಷ್ಠತೆ ಇದ್ದವರು ಬೇರೆ ಕಂಪನಿಗಳಲ್ಲಿ ಕೊನೆಯ ಸಾಲಿನಿಂದ ಆರಂಭಿಸಬೇಕಾಯಿತು. ಅವರಿಗೆ ಸಾವಿರಾರು ಗಂಟೆಗಳ ಅನುಭವವಿತ್ತು, ಹಾಗಾಗಿ ಬಾಗಿಲು ತೆರೆಯಿತು. ಹೊಸಬನ ಕೈಯಲ್ಲಿ ಏನಿರುತ್ತದೆ?

ಕಂಪನಿ ಕಿರಣನ ಪತ್ರಕ್ಕೆ ಮರ್ಯಾದೆಯಿಂದಲೇ ಉತ್ತರಿಸಿತು. ಖರ್ಚನ್ನು ಕಂತಿನಲ್ಲಿ ಹಿಡಿದುಕೊಳ್ಳುವ ವ್ಯವಸ್ಥೆ ತಮ್ಮಲ್ಲಿ ಇಲ್ಲ, ತರಬೇತಿ ಶುರುವಾಗುವ ದಿನವನ್ನು ಬರೆದುಕೊಡಲಾಗದು ಎಂದಿತು. ಅವನು ಆ ಬ್ಯಾಚಿಗೆ ಸೇರಲಿಲ್ಲ. ಆ ಬ್ಯಾಚಿನಲ್ಲಿ ಸೇರಿದವರು ಇಂದು ಹಾರುತ್ತಿದ್ದಾರೆ, ಕಂಪನಿಯೂ ನಡೆದಿದೆ, ಎಂಬುದನ್ನು ಮುಚ್ಚಿಡುವುದಿಲ್ಲ. ಇದರಿಂದ ನನ್ನ ಸಲಹೆ ತಪ್ಪಾಯಿತು ಎಂದು ನಾನು ಒಪ್ಪುವುದಿಲ್ಲ. ಕಂಪನಿ ನಿಂತುಹೋಗಿದ್ದರೆ ಅದು ನನ್ನ ಜಾಣತನಕ್ಕೆ ಪುರಾವೆಯೂ ಆಗುತ್ತಿರಲಿಲ್ಲ. ಸೇರಿದವರಲ್ಲಿ ನನಗೆ ಗೊತ್ತಿರುವ ಒಬ್ಬರ ಮನೆಯಲ್ಲಿ ತಂದೆ ತಾಯಿ ಇಬ್ಬರಿಗೂ ಪಿಂಚಣಿ ಇದೆ. ಕಂಪನಿ ನಾಳೆ ನಿಂತರೂ ಅವರ ಅಡುಗೆಮನೆ ನಿಲ್ಲುವುದಿಲ್ಲ. ಒಂದೇ ಕರಾರು ಒಂದು ಮನೆಗೆ ಸಹಿಸಬಹುದಾದ ಅಪಾಯ, ಇನ್ನೊಂದು ಮನೆಗೆ ಸರ್ವನಾಶ. ಪರಿಚಿತರ ಮಗ ಸೇರಿದ, ನಾವೂ ಸೇರಿಸೋಣ ಎನ್ನುವ ಪೋಷಕರಿಗೆ ನಾನು ಈ ವ್ಯತ್ಯಾಸವನ್ನು ಪದೇ ಪದೇ ಹೇಳಬೇಕಾಗುತ್ತದೆ.

ಈಗ ಅಂಥ ಪೋಷಕರಿಗೆ ನೇರವಾಗಿ ಒಂದೆರಡು ಮಾತು. 2025ರ ಡಿಸೆಂಬರ್‌ನಲ್ಲಿ, ಪೈಲಟ್‌ಗಳ ಹೊಸ ವಿಶ್ರಾಂತಿ ನಿಯಮಗಳಿಗೆ ತಕ್ಕಷ್ಟು ಸಿಬ್ಬಂದಿ ಇಲ್ಲದೆ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಿದಾಗ, ಇನ್ನು ಮಕ್ಕಳಿಗೆ ಕೆಲಸ ಖಚಿತ ಎಂದು ಬಹಳ ಜನ ನನಗೆ ಫೋನ್ ಮಾಡಿದರು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದರೆ ಅದೇ ಹಾರಾಟಗಳಿಗೆ ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆ ಎಂಬುದು ಸರಿ, ಮುಂದಿನ ವರ್ಷಗಳಲ್ಲಿ ನೇಮಕಾತಿ ಹೆಚ್ಚಬಹುದು ಎಂಬುದೂ ಸರಿ. ಆದರೆ ದೇಶಕ್ಕೆ ಪೈಲಟ್‌ಗಳು ಬೇಕು ಎಂಬುದೂ, ಈ ಕಂಪನಿ ನಿಮ್ಮ ಮಗಳನ್ನು ಇಷ್ಟು ದಿನದೊಳಗೆ ಹಾರಿಸುತ್ತದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಪತ್ರಿಕೆಯಲ್ಲಿ ಬರುತ್ತದೆ, ಎರಡನೆಯದು ನೇಮಕಾತಿ ಪತ್ರದಲ್ಲಿ ಬರಬೇಕು. ಇನ್ನೊಂದು ಮಾತು: ಲೈಸೆನ್ಸ್‌ಗೆ ಐವತ್ತು ಲಕ್ಷದ ಆಸುಪಾಸು ಖರ್ಚು ಮಾಡುವ ಮೊದಲೇ ಟೈಪ್ ರೇಟಿಂಗ್‌ನ ಹಣವನ್ನೂ, ಕೆಲಸ ಸಿಗುವವರೆಗೆ ಮೆಡಿಕಲ್ ಪ್ರಮಾಣಪತ್ರವನ್ನೂ, ಉಪಕರಣಗಳನ್ನೇ ನಂಬಿ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗನ್ನೂ ವರ್ಷವರ್ಷವೂ ಜೀವಂತವಾಗಿ ಇಡುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಹಾರಾಟ ಶಾಲೆಯ ಬ್ರೋಷರ್‌ನಲ್ಲಿ ಈ ಸಾಲುಗಳು ಇರುವುದಿಲ್ಲ. ಮೊದಲ ಹಣ ಹೊರಟುಹೋದ ಮೇಲೆ ಎರಡನೆಯದನ್ನು ಕೇಳಿದರೆ, ಅಷ್ಟು ಹಾಕಿದ್ದೇವೆ ಇಷ್ಟು ಹಾಕೋಣ ಎಂದು ಯಾವ ತಂದೆಯಾದರೂ ಕೊಡುತ್ತಾನೆ. ಆ ಹಂತದಲ್ಲಿ ಅವನಿಗೆ ಬೇಡ ಎನ್ನುವ ಶಕ್ತಿ ಉಳಿದಿರುವುದಿಲ್ಲ.

ಕಾಯುತ್ತಿರುವ ಮಕ್ಕಳಲ್ಲಿ ಅನೇಕರು ಆಪ್ತಸಲಹೆಗೆ ಬರಲು ಹೆದರುತ್ತಾರೆ. ವಿಷಯ ಗೊತ್ತಾದರೆ ಪೈಲಟ್‌ಗೆ ಬೇಕಾದ ಕ್ಲಾಸ್ ಒನ್ ಮೆಡಿಕಲ್ ಪ್ರಮಾಣಪತ್ರಕ್ಕೆ ತೊಂದರೆಯಾಗುತ್ತದೆ ಎಂಬ ಭಯ. ಉದ್ಯೋಗದ ಚಿಂತೆಯ ಬಗ್ಗೆ ಒಬ್ಬರ ಮುಂದೆ ಕೂತು ಮಾತಾಡುವುದು ಕಾಯಿಲೆಯಲ್ಲ. ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡ ಎನ್ನಿಸುತ್ತಿದ್ದರೆ ಅದನ್ನು ಬಚ್ಚಿಟ್ಟು, ಯಾರನ್ನೂ ಕೇಳದೆ ಮಾತ್ರೆ ನುಂಗುವುದು ದೇಹಕ್ಕೂ ಲೈಸೆನ್ಸಿಗೂ ಎರಡಕ್ಕೂ ಹೆಚ್ಚು ಅಪಾಯ. ಮೆಡಿಕಲ್ ಪರೀಕ್ಷೆಯಲ್ಲಿ ವೈದ್ಯರು ಕೇಳಿದ್ದಕ್ಕೆ ನಿಜ ಹೇಳಿ, ಚಿಕಿತ್ಸೆ ಬೇಕಾದರೆ ವೈಮಾನಿಕ ವೈದ್ಯರ ಗಮನಕ್ಕೆ ತಂದೇ ಪಡೆಯಿರಿ.

ಕಿರಣ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದ. ಬಸ್ ನಿಲ್ದಾಣದಲ್ಲಿ ಇಬ್ಬರು ಕೇಳಿದರು, ಹೇಳಿದೆ, ಆಮೇಲೆ ಅವರು ಮಳೆಯ ಮಾತಿಗೆ ಹೋದರು ಎಂದ. ಈಗ ಹಾರಾಟ ಶಾಲೆಯೊಂದರಲ್ಲಿ ಸಹಾಯಕ ಬೋಧಕನಾಗುವ ರೇಟಿಂಗ್‌ಗೆ ಓದುತ್ತಿದ್ದಾನೆ. ಅದು ಸಿಕ್ಕರೆ ಕಲಿಸುತ್ತಲೇ ಲಾಗ್‌ಬುಕ್ಕಿಗೆ ಗಂಟೆಗಳು ಸೇರುತ್ತವೆ. ಸಂಬಳ ಹೆಚ್ಚಿಲ್ಲ, ಏರ್‌ಲೈನ್ ಸೇರಲು ಅದೊಂದೇ ಸಾಲುವುದೂ ಇಲ್ಲ. ಇದರ ಖರ್ಚಿಗೆ ಈ ಹಂಗಾಮಿನ ಬೀಜದ ಹಣ ಸಾಕಾಯಿತು ಎಂದು ತಂದೆ ತಿಳಿಸಿದ್ದಾರೆ. ಇನ್ನೊಂದು ಪ್ರಾದೇಶಿಕ ಕಂಪನಿ ಅರ್ಜಿ ಕರೆದಿದೆ. ಎಟಿಆರ್ ಹಾರಿಸುವ ಕಂಪನಿ ಅದು, ಕಿರಣ ಅರ್ಜಿ ಹಾಕಿದ್ದಾನೆ. ಖರ್ಚು ಯಾರದು ಎಂಬುದನ್ನು ಸಂದರ್ಶನದಲ್ಲೇ ಕೇಳುತ್ತೇನೆ ಎಂದು ಹೇಳಿದ್ದಾನೆ.